ಇಂಧನ ಷೇರು: ತೈಲ ಬೆಲೆಯೊಂದೇ ಅಳತೆಗೋಲಲ್ಲ

ಬೆಂಗಳೂರು: ಐಟಿ ಷೇರುಗಳು ಸೊರಗಿದೊಡನೆ ಇಂಧನ ಷೇರುಗಳತ್ತ ಹೊರಳುವ ಹೂಡಿಕೆದಾರರು 2022ರ ಅನುಭವವನ್ನು ಒಮ್ಮೆ ಗಮನಿಸುವುದು ಒಳಿತು. ಉಕ್ರೇನ್ ಯುದ್ಧದ ಬೆನ್ನಲ್ಲೇ ಆ ವರ್ಷದ ಮಾರ್ಚ್‌ನಲ್ಲಿ ಬ್ರೆಂಟ್ ಕಚ್ಚಾ ತೈಲ ಬ್ಯಾರೆಲ್‌ಗೆ 130 ಡಾಲರ್ ದಾಟಿತು. ಪೇಟೆಯ ಮುಂದಾಳತ್ವ ತಂತ್ರಜ್ಞಾನದಿಂದ ತೈಲದತ್ತ ಜಾರಿತು.

ಆದರೆ 'ಇಂಧನ' ಎಂಬ ಒಂದೇ ಹಣೆಪಟ್ಟಿಯಡಿ ಪರಸ್ಪರ ವಿರುದ್ಧ ಹಿತಾಸಕ್ತಿಯ ಕಂಪೆನಿಗಳಿವೆ. ಬಾವಿಯಿಂದ ತೈಲ ತೆಗೆಯುವ ಒಎನ್‌ಜಿಸಿಗೆ ಬೆಲೆ ಏರಿದರೆ ಸುಗ್ಗಿ. ಕಚ್ಚಾ ತೈಲ ಕೊಂಡು, ಸಂಸ್ಕರಿಸಿ, ಬಂಕ್‌ಗಳಲ್ಲಿ ಮಾರುವವರಿಗೆ ಚಿಲ್ಲರೆ ದರ ಏರಿಸಲಾಗದಿದ್ದರೆ ಸಂಕಟ. 2022ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಒಎನ್‌ಜಿಸಿ ಸುಮಾರು 15,200 ಕೋಟಿ ರೂಪಾಯಿ ನಿವ್ವಳ ಲಾಭ ಗಳಿಸಿದರೆ, ಎಚ್‌ಪಿಸಿಎಲ್ 10,000 ಕೋಟಿ ರೂಪಾಯಿಗೂ ಮಿಗಿಲಾದ ನಷ್ಟ ಕಂಡಿತು. ಬಿಪಿಸಿಎಲ್, ಇಂಡಿಯನ್ ಆಯಿಲ್ ಕೂಡ ನಷ್ಟಕ್ಕಿಳಿದವು. ವಿಚಿತ್ರವೆಂದರೆ, 2018ರಿಂದ ಎಚ್‌ಪಿಸಿಎಲ್ ಒಎನ್‌ಜಿಸಿಯದೇ ಅಂಗಸಂಸ್ಥೆ!

ಲಾಭದ ಕಂಪೆನಿಯನ್ನೇ ಆರಿಸಿದವರೂ ನಿಶ್ಚಿಂತರಾಗಿರಲಿಲ್ಲ. 2022ರ ಜುಲೈ 1ರಂದು ಕೇಂದ್ರ ಸರ್ಕಾರ ದೇಶೀಯ ಕಚ್ಚಾ ತೈಲದ ಮೇಲೆ ಟನ್‌ಗೆ 23,250 ರೂಪಾಯಿ ಆಕಸ್ಮಿಕ ಲಾಭ ತೆರಿಗೆ ಹೇರಿತು. ಇಂಧನ ರಫ್ತಿಗೂ ಸುಂಕ ವಿಧಿಸಿತು. ಅಂದೇ ಒಎನ್‌ಜಿಸಿ ಷೇರು ಶೇ 10ಕ್ಕೂ ಹೆಚ್ಚು ಕುಸಿಯಿತು. ಮಂಗಳೂರಿನ ಎಂಆರ್‌ಪಿಎಲ್, ರಿಲಯನ್ಸ್ ಷೇರುಗಳೂ ಇಳಿದವು. ಈ ತೆರಿಗೆ ರದ್ದಾದದ್ದು 2024ರ ಡಿಸೆಂಬರ್‌ನಲ್ಲಿ. ಯಾವ ಕಂಪೆನಿಯ ಲೆಕ್ಕಪತ್ರದಲ್ಲೂ ಮೊದಲೇ ಕಾಣದ ಅಪಾಯವಿದು.

ಎನ್‌ಟಿಪಿಸಿಯ ದಾರಿ ಬೇರೆ. ಅದರ ಸ್ಥಾವರಗಳ ಪ್ರತಿಫಲವನ್ನು ಬಹುಮಟ್ಟಿಗೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ, ಇಂಧನ ವೆಚ್ಚ ಖರೀದಿದಾರರಿಗೆ ವರ್ಗವಾಗುತ್ತದೆ. ತೈಲ ಏರಿತೆಂದು ಈ ಷೇರು ಕೊಳ್ಳಲು ಕಾರಣವೇ ಇಲ್ಲ.