ಹಗ್ಗ ಕಟ್ಟಿಕೊಂಡು ಹಾರುವ ದೂರದರ್ಶಕ

1966ರ ಸೆಪ್ಟೆಂಬರ್. ಜೆಮಿನಿ-11ರ ಗಗನಯಾತ್ರಿ ರಿಚರ್ಡ್ ಗಾರ್ಡನ್ ನೌಕೆಯ ಮೂತಿಯನ್ನು ಎರಡೂ ಕಾಲುಗಳಿಂದ ಅವುಚಿಕೊಂಡು ಕೂತಿದ್ದರು. ಎದುರಿಗೆ ಜೋಡಿಸಿಕೊಂಡಿದ್ದ ಅಜೀನಾ ರಾಕೆಟ್ಟಿನಲ್ಲಿ 30 ಮೀಟರ್ ಉದ್ದದ ಡೇಕ್ರಾನ್ ಹಗ್ಗವಿತ್ತು, ಅದರ ತುದಿಯನ್ನು ತಮ್ಮ ನೌಕೆಗೆ ಬಿಗಿಯಬೇಕಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಹೆಲ್ಮೆಟ್ಟಿನೊಳಗೆ ಒರೆಸಿಕೊಳ್ಳುವುದಾದರೂ ಹೇಗೆ? ಗಂಟು ಬಿದ್ದಿತು, ಆದರೆ ಅರ್ಧ ಗಂಟೆ ದಾಟುತ್ತಲೇ ಅವರು ಒಳಗೆ ಬರಬೇಕಾಯಿತು.

ಮುಂದಿನ ಕಾಟ ಹಗ್ಗದ್ದು. ಕಮಾಂಡರ್ ಪೀಟ್ ಕಾನ್ರಾಡ್ ನೌಕೆಯನ್ನು ಹಿಂದಕ್ಕೆ ಸರಿಸಿದಾಗ ಅದು ಸೆಟೆದು ನಿಲ್ಲುವ ಬದಲು ಸ್ಕಿಪ್ಪಿಂಗ್ ಆಟದ ಹಗ್ಗದಂತೆ ಬಾಗಿ ಸುತ್ತತೊಡಗಿತು. ಜೋಡಿಯನ್ನು ನಿಧಾನವಾಗಿ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತಿಗೆ ತಣ್ಣಗಾಯಿತು. ಆಗ ನೌಕೆಯೊಳಗೆ ಕೈಬಿಟ್ಟ ಕ್ಯಾಮೆರಾ ತಾನಾಗಿ ಹಿಂಬದಿಗೆ ಜಾರಿತು: ತಿರುಗುವಿಕೆಯಿಂದ ಹುಟ್ಟಿದ, ಇದ್ದೂ ಇಲ್ಲದಂಥ ಗುರುತ್ವ.

ಖಗೋಳ ವಿಜ್ಞಾನಿಗಳ ಕಣ್ಣು ಇಂಥ ಹಗ್ಗದ ಮೇಲೆ ಬೀಳಲು ಕಾರಣವಿದೆ. ನಕ್ಷತ್ರಗಳು ಹುಟ್ಟುವ ದೂಳಿನ ಮೋಡಗಳು ದೂರದ ಅವಕೆಂಪು ಕಿರಣಗಳಲ್ಲಿ ಹೊಳೆಯುತ್ತವೆ. ಆ ಕಿರಣಗಳನ್ನು ನಮ್ಮ ವಾತಾವರಣದ ನೀರಾವಿ ನುಂಗಿಬಿಡುತ್ತದೆ, ಹಾಗಾಗಿ ಬಾಹ್ಯಾಕಾಶಕ್ಕೇ ಹೋಗಬೇಕು. ತರಂಗಾಂತರ ಉದ್ದವಾದಷ್ಟೂ ಚಿತ್ರ ಮಸುಕು. 2009ರಲ್ಲಿ ಹಾರಿದ ಹರ್ಷೆಲ್ ದೂರದರ್ಶಕದ 3.5 ಮೀಟರ್ ಕನ್ನಡಿಯೂ ಸಾಲದು. ನಾಸಾದ ವಿಜ್ಞಾನಿಗಳು ಮುಂದಿಟ್ಟ 'ಸ್ಪೆಕ್ಸ್' ಯೋಜನೆಯಲ್ಲಿ ಕನ್ನಡಿ ಹೊತ್ತ ನೌಕೆಗಳು ಒಂದು ಕಿಲೋಮೀಟರ್‌ವರೆಗೆ ಚದುರಿ, ತಾವು ಹಿಡಿದ ಬೆಳಕನ್ನು ಒಂದೆಡೆ ಬೆರೆಸಬೇಕಿತ್ತು. ಒಂದೇ ಅಂತರದಲ್ಲಿ ನಿಂತರೆ ಚಿತ್ರ ಮೂಡುವುದಿಲ್ಲ. ಸುತ್ತುತ್ತಲೇ ಇರಬೇಕು, ಅಂತರವನ್ನೂ ಬದಲಿಸುತ್ತಿರಬೇಕು. ಬರೀ ಎಂಜಿನ್ ನಂಬಿದರೆ ಇಂಧನ ಬೇಗ ಖಾಲಿ, ಮೇಲಾಗಿ ಅದರ ಹೊಗೆ ತಂಪುಗನ್ನಡಿಗೆ ಮೆತ್ತಿಕೊಳ್ಳುವ ಭಯ.

ಹಗ್ಗವಾದರೆ ಪುಕ್ಕಟೆ ಎಳೆಯುತ್ತದೆ. ಎಳೆಯುತ್ತದೆ ಅಷ್ಟೇ, ತಳ್ಳಲಾರದು! ಅದನ್ನು ಬಿಗಿಯಾಗಿಡುವುದು ತಿರುಗುವಿಕೆ ಮಾತ್ರ. ಅಲ್ಲೂ ಒಂದು ತೊಡಕು: ಹೊರಗಿನಿಂದ ಯಾವ ನೂಕೂ ಇಲ್ಲದೆ ಹಗ್ಗವನ್ನು ಎರಡರಷ್ಟು ಬಿಟ್ಟರೆ ತಿರುಗುವ ವೇಗ ಕಾಲುಭಾಗಕ್ಕೆ ಇಳಿಯುತ್ತದೆ, ಬಿಗಿತ ಎಂಟನೇ ಒಂದು ಪಾಲಿಗೆ. ಜತೆಗೆ ಹಗ್ಗದ ತುದಿಯಲ್ಲಿ ಪ್ರತಿ ನೌಕೆಯೂ ಅತ್ತಿತ್ತ ಓಲಾಡುತ್ತದೆ.

ಈ ಓಲಾಟವನ್ನೇ ಹಿಡಿತದ ದಾರಿಯಾಗಿ ಮಾಡಿಕೊಂಡದ್ದು ಎಂಐಟಿಯ ಸೂನ್-ಜೋ ಚುಂಗ್ ಮತ್ತು ಡೇವಿಡ್ ಮಿಲ್ಲರ್. ಹಗ್ಗ ಕಟ್ಟಿರುವುದು ನೌಕೆಯ ನಡುವಿಗಲ್ಲ, ಅಂಚಿಗೆ. ಒಳಗಿನ ಚಕ್ರವೊಂದನ್ನು ಮೋಟಾರಿನಿಂದ ತಿರುಗಿಸಿದರೆ ನೌಕೆ ಎದುರು ದಿಕ್ಕಿಗೆ ಹೊರಳುತ್ತದೆ. ಆಗ ಎಳೆತ ಓರೆಯಾಗುತ್ತದೆ. ಆ ಓರೆ ಎಳೆತದಿಂದಲೇ ಓಲಾಟವನ್ನು ತಗ್ಗಿಸಬಹುದು, ಇಡೀ ಜೋಡಿಯ ವೇಗವನ್ನು ತಿದ್ದಬಹುದು. ಚಕ್ರಕ್ಕೆ ವಿದ್ಯುತ್ ಬೇಕು, ಅದಕ್ಕೆ ಬಿಸಿಲಿದೆ. ನುಣುಪು ನೆಲದ ಮೇಲೆ, ಅನಿಲದ ತೆಳುಪದರದಲ್ಲಿ ತೇಲುವ 'ಸ್ಫಿಯರ್ಸ್' ಎಂಬ ಪುಟ್ಟ ಉಪಗ್ರಹಗಳಿಗೆ ಹಗ್ಗ ಕಟ್ಟಿ ಅವರು ಇದನ್ನು ಪರೀಕ್ಷಿಸಿದರು. (ಸ್ಟಾರ್ ವಾರ್ಸ್ ಸಿನಿಮಾದ ತೇಲುವ ಚೆಂಡನ್ನು ತೋರಿಸಿ, ಇಂಥದೊಂದು ಮಾಡಿ ಎಂದು ಮಿಲ್ಲರ್ ವಿದ್ಯಾರ್ಥಿಗಳಿಗೆ ಹೇಳಿದ್ದರಿಂದ ಹುಟ್ಟಿದವು ಅವು.) 2008ರಲ್ಲಿ ಫಲಿತಾಂಶ ಪ್ರಕಟವಾಯಿತು.

ಸ್ಪೆಕ್ಸ್ ಮಾತ್ರ ಕಾಗದದಲ್ಲೇ ಉಳಿಯಿತು. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಹೊತ್ತೊಯ್ದ ಯುರೋಪಿನ ಪ್ರೋಬಾ-3 ಜೋಡಿಗೆ ಹಗ್ಗವೇ ಇಲ್ಲ. ಸುಮಾರು 150 ಮೀಟರ್ ಅಂತರದಲ್ಲಿ ಒಂದು ನೌಕೆ ಸೂರ್ಯನನ್ನು ಮರೆಮಾಡುತ್ತದೆ, ಇನ್ನೊಂದು ಅದರ ಪ್ರಭಾವಲಯವನ್ನು ನೋಡುತ್ತದೆ. ಅವುಗಳಿಗೆ ಬೇಕಾದ್ದು ಒಂದೇ ಅಂತರ, ಒಂದೇ ದಿಕ್ಕು. ಅದೂ ಸುಮಾರು ಹತ್ತೊಂಬತ್ತೂವರೆ ಗಂಟೆಯ ಸುತ್ತಿನಲ್ಲಿ ಆರು ಗಂಟೆಯ ಮಟ್ಟಿಗೆ.