ಕೂಸಿನ ಕೈಗೆ ಏನು ಕೊಡಬೇಕು?

ನಿಪ್ಪಾಣಿಯ ಓಣಿಗಳಲ್ಲಿ ಮಧ್ಯಾಹ್ನದ ಹೊತ್ತು ತಿರುಗಾಡಿದವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ. ಬಾಗಿಲ ಬೆಳಕು ಬೀಳುವ ಕಡೆ ಹೆಣ್ಣುಮಗಳೊಬ್ಬಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾಳೆ. ಮೊರದಲ್ಲಿರುವವು ಎಲೆ, ತಂಬಾಕು, ದಾರ, ಕತ್ತರಿ. ಆಕೆಯ ಬೆನ್ನು ಹಿಡಿದುಕೊಂಡು ಒಂದೂವರೆ, ಎರಡು ವರ್ಷದ ಕೂಸೊಂದು ನಿಂತಿರುತ್ತದೆ. ಅದಕ್ಕೆ ಈ ಜಗತ್ತಿನಲ್ಲಿ ಬೇಕಾದ ವಸ್ತುಗಳು ನಾಲ್ಕೇ: ಎಲೆ, ತಂಬಾಕು, ದಾರ, ಕತ್ತರಿ.

ನಮ್ಮ ಅಕ್ಕನ ಮನೆಯ ನೋಟವೂ ಇದೇ. ಆಕೆಯ ಮಗ ಗುಂಡ್ಯಾನಿಗೆ ಆಗ ಎರಡು ತುಂಬಿರಲಿಲ್ಲ. ಒಂದು ಗಳಿಗೆ ಕೂತಲ್ಲಿ ಕೂಡ್ರದ ಹುಡುಗ. ರಜೆಗೆ ಊರಿಗೆ ಹೋದಾಗ ಅಕ್ಕ ನನ್ನನ್ನು ಕೇಳಿದಳು: "ತಂಗಿ, ನೀ ಕಾಲೇಜು ಕಲಿಯಾಕಿ. ಇವನ ಕೈಗೆ ಏನು ಕೊಟ್ಟರ ಅರ್ಧ ತಾಸು ಸುಮ್ಮನ ಕೂಡ್ತಾನ, ಹೇಳು ನೋಡೂಣು." ನಾನು ದೊಡ್ಡ ಜಾಣೆಯಂತೆ ವಿದ್ಯಾರ್ಥಿವೇತನದ ಹಣದಲ್ಲಿ ಒಂದು ಆಟಿಕೆಯನ್ನು ತಂದುಕೊಟ್ಟೆ. ಗುಂಡಿ ಒತ್ತಿದರೆ ಇಂಗ್ಲಿಷ್ ಅಕ್ಷರಗಳನ್ನು ಹೇಳುವ, ದೀಪ ಮಿನುಗಿಸುವ, ಪೆಟ್ಟಿಗೆಯ ಮೇಲೆ 'ಶೈಕ್ಷಣಿಕ' ಎಂದು ಅಚ್ಚಾಗಿದ್ದ ಆಟಿಕೆ. ಗುಂಡ್ಯಾ ಅದನ್ನು ಎರಡು ದಿನ ಒತ್ತಿದ. ಮೂರನೆಯ ದಿನ ಅದನ್ನು ಬಿಟ್ಟು ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಹಿಡಿದ. ಅದರೊಳಗೆ ಕಾಲಿಟ್ಟ, ತಲೆಯ ಮೇಲೆ ಹೊತ್ತ, ಅದನ್ನು ನೂಕುತ್ತ ಪಡಸಾಲೆಯ ತುಂಬ ತಿರುಗಿದ. ಮುಂದಿನ ವಾರ ಅಕ್ಕ ಬೀಡಿ ಎಣಿಸುವ ಗಡಿಬಿಡಿಯಲ್ಲಿದ್ದಾಗ ಮೊರದ ತಂಬಾಕನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡ. ವಾಂತಿ ನಿಲ್ಲಲಿಲ್ಲ, ಮೈ ಬೆವತು ತಣ್ಣಗಾಯಿತು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದ ಮೇಲೆ ಹುಡುಗ ಚೇತರಿಸಿಕೊಂಡ. ಆದರೆ ಅಕ್ಕನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತೆಂದು ನನಗೆ ಆ ರಾತ್ರಿ ಮನವರಿಕೆಯಾಯಿತು. ಆ ಮೇಲೆ ಓದಿ, ಕೇಳಿ, ನೋಡಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ, ಪ್ರಶ್ನೆಯೇ ತಿರುಗಮುರುಗಾಗಿತ್ತು. ಕೂಸನ್ನು ಸುಮ್ಮನೆ ಕೂಡ್ರಿಸುವ ಆಟ ಯಾವುದು ಎಂದು ಕೇಳುವುದಕ್ಕಿಂತ, ಈ ಓಡಾಟಕ್ಕೆ ತಕ್ಕ ಕೆಲಸ ಯಾವುದು ಎಂದು ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಸೂಚನೆಗಳಲ್ಲಿ, ಒಂದು-ಎರಡು ವರ್ಷದ ಕೂಸು ದಿನಕ್ಕೆ ಒಟ್ಟು 180 ನಿಮಿಷವಾದರೂ ಬಗೆಬಗೆಯಾಗಿ ಮೈ ಆಡಿಸಬೇಕೆಂದು ಹೇಳಿದೆ. ಅಂದರೆ ಮೂರು ತಾಸು! ಒಂದು ವರ್ಷದ ಕೂಸಿಗೆ ಮೊಬೈಲು, ಟಿ.ವಿ.ಗಳ ಪರದೆಯೇ ಬೇಡ, ಎರಡು ತುಂಬಿದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂಬುದೂ ಅದರಲ್ಲಿಯೇ ಇದೆ. ಗುಂಡ್ಯಾನ ಚಡಪಡಿಕೆ ತಂಟೆಯಾಗಿರಲಿಲ್ಲ. ಅವನ ವಯಸ್ಸಿನ ಧರ್ಮವಾಗಿತ್ತು.

ಈ ವಯಸ್ಸಿನ ಕೂಸು ಮಾಡಬಯಸುವ ಕೆಲಸಗಳನ್ನು ಒಂದು ವಾರ ಲಕ್ಷ್ಯವಿಟ್ಟು ನೋಡಿರಿ. ನೂಕುವುದು, ಎಳೆಯುವುದು, ಹೊರುವುದು, ತುಂಬುವುದು, ಸುರುವುವುದು, ಒಂದರ ಮೇಲೊಂದು ಇಡುವುದು, ಕೆಡವುವುದು, ಅಡಗಿಸುವುದು, ಹುಡುಕುವುದು. ಇವುಗಳಲ್ಲಿ ಯಾವುದಕ್ಕೂ ಅಂಗಡಿಗೆ ಹೋಗಬೇಕಾದ ಕಾರಣವಿಲ್ಲ.

ನೂಕುವ ಆಟಕ್ಕೆ ನಮ್ಮ ಗಡಿನಾಡಿನಲ್ಲಿ ಹಿಂದಿನಿಂದ ಒಂದು ಒಳ್ಳೆಯ ಸಾಧನವಿದೆ. ಮರಾಠಿಯವರು ಪಾಂಗುಳಗಾಡಾ ಎನ್ನುವ ಮೂರು ಗಾಲಿಯ ಮರದ ಗಾಡಿ. ಕೂಸು ಎದ್ದು ನಿಂತು, ಹಿಡಿಕೆ ಹಿಡಿದು, ತನ್ನ ಕಾಲ ಮೇಲೆ ತಾನೇ ಭಾರ ಹಾಕಿ ನಡೆಯುತ್ತದೆ. ಈಗ ಪೇಟೆಯಲ್ಲಿ ಸಿಗುವ, ಕೂಸನ್ನು ನಡುವೆ ಕೂಡ್ರಿಸುವ ಪ್ಲಾಸ್ಟಿಕ್ ವಾಕರನ್ನು ಇದರ ತಮ್ಮನೆಂದು ಭಾವಿಸಬಾರದು. ಅದರಲ್ಲಿ ಕೂತ ಕೂಸಿಗೆ ತನ್ನ ಅಂಕೆಗೆ ಮೀರಿದ ವೇಗ ಬರುತ್ತದೆ. ಹೊಸ್ತಿಲು, ಮೆಟ್ಟಿಲು, ಒಲೆ ಎಲ್ಲವೂ ಕೈಗೆಟಕುತ್ತವೆ. ನಡಿಗೆ ಬೇಗ ಬರುವುದೂ ಇಲ್ಲ. ಅಪಘಾತಗಳನ್ನು ಕಂಡು ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಆಯಿಯ ಕಾಲದ ಗಾಡಿ ಅಟ್ಟದ ಮೇಲಿದ್ದರೆ ಇಳಿಸಿರಿ, ಮೊಳೆ ಎದ್ದಿದ್ದರೆ ಬಡಿದು ಕೊಡಿರಿ. ನಾಲ್ಕು ಉಳ್ಳಾಗಡ್ಡಿ ಹಾಕಿದ ಸಣ್ಣ ಬುಟ್ಟಿಯನ್ನು ಅಡಿಗೆಮನೆಯಿಂದ ಪಡಸಾಲೆಗೆ ಹೊತ್ತು ತರಲು ಹೇಳಿದರೂ ಆದೀತು. ತರುತ್ತದೆ, ಮತ್ತೆ ಒಯ್ಯುತ್ತದೆ, ಮತ್ತೆ ತರುತ್ತದೆ. ನಮಗೆ ಬೇಸರ ಬಂದೀತು, ಅದಕ್ಕೆ ಬಾರದು.

ತುಂಬುವ ಆಟಕ್ಕೆ ಒಂದರೊಳಗೊಂದು ಕೂಡುವ ಸ್ಟೀಲಿನ ಬಟ್ಟಲುಗಳು ಸಾಕು. ದೊಡ್ಡದರೊಳಗೆ ಸಣ್ಣದು ಹೋಗುತ್ತದೆ, ಸಣ್ಣದರೊಳಗೆ ದೊಡ್ಡದು ಹೋಗುವುದಿಲ್ಲ ಎಂಬ ಗಣಿತವನ್ನು ಕೂಸು ಕೈಯಿಂದ ಕಲಿಯುತ್ತದೆ, ಬಾಯಿಪಾಠದಿಂದಲ್ಲ. ಕಾಳು ಸುಲಿದ ಗೋವಿನಜೋಳದ ಬೆಂಡುಗಳನ್ನು ಒಟ್ಟಿ ಮನೆ ಕಟ್ಟಬಹುದು. ಮರದ ತುಂಡುಗಳಿದ್ದರೆ ಒಂದೂವರೆ ವರ್ಷದ ಕೂಸು ಎರಡು-ಮೂರನ್ನು ಒಂದರ ಮೇಲೊಂದು ನಿಲ್ಲಿಸುತ್ತದೆ. ಎರಡು ವರ್ಷಕ್ಕೆ ಸುಮಾರು ಆರು, ಮೂರಕ್ಕೆ ಒಂಬತ್ತು. ನೆರೆಮನೆಯ ಕೂಸು ಏಳು ಇಟ್ಟಿತೆಂದು ನಮ್ಮದನ್ನು ಗದರಿಸುವ ಕಾರಣವಿಲ್ಲ. ಕೆಡವಿದಾಗಲೂ ಸಿಟ್ಟಾಗಬೇಡಿರಿ, ಬಿದ್ದ ಸಪ್ಪಳವೇ ಅದರ ಪಾಲಿಗೆ ಆಟದ ಅರ್ಧ ಭಾಗ.

ಇನ್ನು ಮಣ್ಣು. ಈ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ಪಂಚಾಂಗದಷ್ಟು ಉದಾರವಾದ ಶಾಲೆ ಬೇರೆ ಎಲ್ಲಿಯೂ ಇಲ್ಲವೆಂದು ನನಗೆ ತೋರುತ್ತದೆ. ಕಾರಹುಣ್ಣಿವೆಯ ಮುಂದಿನ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ನಾಗರಪಂಚಮಿಗೆ ಜೋಕಾಲಿ. ದೊಡ್ಡವರು ಎತ್ತು ಮಾಡುವಾಗ ಕೂಸಿಗೂ ಒಂದು ಮುದ್ದೆ ಹಸಿಮಣ್ಣು ಕೊಟ್ಟರೆ ಅದು ಹಿಸುಕುತ್ತದೆ, ತಟ್ಟುತ್ತದೆ, ಬೆರಳು ತೂರಿಸುತ್ತದೆ. ಮುಂದೆ ಪೆನ್ಸಿಲು ಹಿಡಿಯುವ ಬೆರಳುಗಳ ಬಲ ಬರುವುದು ಹೀಗೆಯೇ. ಮಣ್ಣು ಸಿಗದ ದಿನ ರೊಟ್ಟಿಯ ಹಿಟ್ಟಿನ ಒಂದು ಉಂಡಿ ಆದೀತು.

ಆದರೆ ಇಲ್ಲಿಯೇ ಒಂದು ಮಾತನ್ನು ಬಲವಾಗಿ ಹೇಳಬೇಕಾಗಿದೆ. ಗುಳ್ಳವ್ವನ ಮೈತುಂಬ ನಾವು ಗುಲಗಂಜಿ ಒತ್ತುತ್ತೇವೆ. ಕೆಂಪು ಮೈ, ಕಪ್ಪು ಮೊನೆಯ ಆ ಬೀಜ ಕೂಸಿನ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತದೆ. ಅದರೊಳಗಿನ ಅಬ್ರಿನ್ ಎಂಬುದು ಘೋರ ವಿಷ. ಇಡಿಯ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಅನೇಕ ಸಲ ಹಾಗೆಯೇ ಹೊರಬೀಳುವುದುಂಟು. ಅಗಿದರೆ ಅಥವಾ ಬೀಜಕ್ಕೆ ತೂತು ಇದ್ದರೆ ಜೀವಕ್ಕೆ ಅಪಾಯ. ಎರಡು-ಮೂರು ವರ್ಷದ ಕೂಸಿರುವ ಮನೆಯಲ್ಲಿ ಗುಳ್ಳವ್ವನನ್ನು ಹೂವಿನಿಂದ, ಕುಸುಬಿಯಿಂದ ಸಿಂಗರಿಸಿ ಎತ್ತರದಲ್ಲಿಟ್ಟರೆ ಆಕೆ ಮುನಿಯಲಾರಳು.

ಸಣ್ಣ ವಸ್ತುಗಳ ಮಾತು ಬಂತಾದ್ದರಿಂದ ಅದನ್ನು ಮುಗಿಸಿಬಿಡುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸುವವರು ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆಯನ್ನು ಇಟ್ಟುಕೊಂಡಿರುತ್ತಾರೆ; ಹಿಂದೆ ಕ್ಯಾಮೆರಾದ ರೀಲು ಬರುತ್ತಿದ್ದ ಪುಟ್ಟ ಡಬ್ಬಿಯಷ್ಟು ಅಗಲ. ಅದರೊಳಗೆ ಇಳಿಯುವುದೆಲ್ಲ ಕೂಸಿನ ಗಂಟಲಲ್ಲಿ ಸಿಕ್ಕೀತು. ಹುಣಸೆ ಬೀಜ, ಗೋಲಿ, ಅಂಗಿಯ ಗುಂಡಿ, ನಾಣ್ಯ ಎಲ್ಲವೂ ಇದರಲ್ಲಿ ಬಂದವು. ಶೇಂಗಾಕಾಳನ್ನು ನಾವು ಪ್ರೀತಿಯಿಂದ ಕೂಸಿನ ಅಂಗೈಗೆ ಹಾಕುತ್ತೇವೆ. ಅದು ಉಸಿರುಕೊಳವೆಗೆ ಇಳಿದು ಆಸ್ಪತ್ರೆ ಸೇರುವ ಮಕ್ಕಳು ಕಡಿಮೆಯಿಲ್ಲ. ಪುಡಿ ಮಾಡಿ ಕೊಡುವುದು ಲೇಸು. ಮಿನುಗುವ ಆಟಿಕೆಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಎಲ್ಲಕ್ಕಿಂತ ಕೆಟ್ಟದ್ದು. ಅನ್ನನಾಳದಲ್ಲಿ ಸಿಕ್ಕರೆ ಎರಡೇ ತಾಸಿನಲ್ಲಿ ಒಳಗೆ ಸುಟ್ಟುಬಿಡಬಲ್ಲುದು. ನಾನು ತಂದ ಆಟಿಕೆಯ ಬೆನ್ನಿಗೆ ತಿರುಪುಮೊಳೆ ಸಹ ಇರಲಿಲ್ಲವೆಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಕಾರ್ಖಾನೆಯ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಕೊಳ್ಳುವುದೇ ಆದರೆ ಅದನ್ನು ನೋಡಿ ಕೊಳ್ಳಬೇಕು.

ಕೊಳ್ಳುವವರಿಗೆ ನಮ್ಮ ನಾಡಿನಲ್ಲಿಯೇ ಆಯ್ಕೆಯುಂಟು. ಚನ್ನಪಟ್ಟಣದವರು ತಿರುಗಣಿಯ ಮೇಲೆ ಹಾಲೆಮರವನ್ನು ಕಡೆದು, ತಿರುಗುವ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮೆತ್ತುತ್ತದೆ, ಅದನ್ನು ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅವರ ಬಳೆಗಳ ಗೋಪುರ, ಎಳೆಯುವ ಗಾಡಿ ಈ ವಯಸ್ಸಿಗೆ ಹೇಳಿ ಮಾಡಿಸಿದಂತಿವೆ. ನಮ್ಮ ಜಿಲ್ಲೆಯದೇ ಆದ ಗೋಕಾಕದ ಹಣ್ಣು-ಕಾಯಿಗಳು ನೋಡಲು ಬಲು ಚೆಂದ. ಆದರೆ ಬಣ್ಣ ಹಚ್ಚಿದ ಆ ಪ್ರತಿಕೃತಿಗಳು ಕಪಾಟಿನ ಶೋಭೆಗೆ ಸರಿ, ಎಲ್ಲವನ್ನೂ ಬಾಯಿಗಿಡುವ ಕೂಸಿಗಲ್ಲ.

ಎಷ್ಟು ಆಟಿಕೆ ಬೇಕು ಎಂಬುದಕ್ಕೆ ಅಮೇರಿಕೆಯ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. 36 ಕೂಸುಗಳಿಗೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆಗಳನ್ನು ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದವು. ಉಳಿದವನ್ನು ಕಟ್ಟಿಟ್ಟು ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, 26 ಮನೆಗಳ ಕೂಸುಗಳ ಆಟವನ್ನು ಧ್ವನಿಮುದ್ರಿಸಿ ನೋಡಿದಾಗ, ಮಾತನಾಡುವ ವಿದ್ಯುತ್ ಆಟಿಕೆ ಕೈಯಲ್ಲಿದ್ದಾಗ ತಾಯಿ-ತಂದೆಯ ಮಾತೂ ಕಡಿಮೆ, ಕೂಸಿನ ಮಾತೂ ಕಡಿಮೆ ಎಂದು ಕಂಡಿತು. ಚಿತ್ರದ ಪುಸ್ತಕವಿದ್ದಾಗ ಮಾತು ಎಲ್ಲಕ್ಕಿಂತ ಹೆಚ್ಚು. ಆಟಿಕೆಯೇ ಮಾತಾಡಿದರೆ ಅವ್ವ ಸುಮ್ಮನಾಗುತ್ತಾಳೆ, ಅಷ್ಟೆ.

ಬೀಡಿ ಕಟ್ಟುವ ಅಕ್ಕನಿಗೆ ಇಲ್ಲಿ ಒಂದು ಅನುಕೂಲವಿದೆ: ಕೈ ಬಿಡುವಿಲ್ಲದಿದ್ದರೂ ಬಾಯಿ ಬಿಡುವಾಗಿರುತ್ತದೆ. "ಕೆಂಪು ಬಟ್ಟಲ ಎಲ್ಲೈತಿ? ಅದರಾಗ ಬೆಂಡು ಹಾಕು. ಎಷ್ಟಾದವು?" ಎಂದು ಕೇಳುತ್ತ ಹೋದರೆ ಅದೇ ಪಾಠ.

ದುಡಿಯುವವರ ಕೂಸುಗಳ ಈ ಪ್ರಶ್ನೆ ನಿಪ್ಪಾಣಿಯಲ್ಲಿ ಹುಟ್ಟಿದ್ದೇನೂ ಅಲ್ಲ. 1907ರ ಜನವರಿ 6ರಂದು ಮರಿಯಾ ಮಾಂಟೆಸರಿಯವರು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ 'ಮಕ್ಕಳ ಮನೆ'ಯನ್ನು ತೆರೆದದ್ದು ತಾಯ್ತಂದೆ ಕೆಲಸಕ್ಕೆ ಹೋದ ಮೇಲೆ ಗೋಡೆ ಗೀಚುತ್ತ ಅಲೆಯುತ್ತಿದ್ದ ಮಕ್ಕಳಿಗಾಗಿ. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು. ಅದಕ್ಕೂ ಮುಂಚೆಯೇ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಮುಂದೆ ಬೋರ್ಡಿ, ಕೋಸಬಾಡಗಳಲ್ಲಿ ಶಾಲೆಯನ್ನೇ ಬಡ ಮಕ್ಕಳ ಅಂಗಳಕ್ಕೆ ಒಯ್ದರು. ವಿದೇಶದ ದುಬಾರಿ ಸಾಧನಗಳ ಬದಲು ಎಲೆ, ಕಲ್ಲು, ಕಾಯಿಗಳನ್ನು ಬಳಸಿದರು. 1956ರ ವರೆಗೆ ನಮ್ಮ ಬೆಳಗಾವಿ ಜಿಲ್ಲೆಯೂ ಅವರದೇ ಮುಂಬಯಿ ರಾಜ್ಯದಲ್ಲಿತ್ತು. ಅಂಗನವಾಡಿ ಎಂಬ ಕಲ್ಪನೆ ಅವರಿಂದ ಬಂದದ್ದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅದು ದೇಶವ್ಯಾಪಿಯಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ.

ಅಂಗನವಾಡಿಯ ಪಾಠ-ಆಟಗಳು ಮೂರು ತುಂಬಿದವರಿಗೆ. ಅದಕ್ಕೆ ಮುಂಚಿನ ಎರಡು ವರ್ಷ, ಅಂದರೆ ಕೂಸು ಅತ್ಯಂತ ಚಟುವಟಿಕೆಯಿಂದಿರುವ ಕಾಲ, ಅವ್ವನ ಮೊರದ ಬದಿಯಲ್ಲಿಯೇ ಕಳೆಯುತ್ತದೆ. 1966ರ ಬೀಡಿ ಕಾರ್ಮಿಕರ ಕಾನೂನು ಹೆಚ್ಚು ಹೆಂಗಸರಿರುವ ಕಾರ್ಖಾನೆಗಳಲ್ಲಿ ಶಿಶುಗೃಹವಿರಬೇಕೆಂದು ಹೇಳಿತು. ಮನೆಯಲ್ಲಿ ಕೂತು ಕಟ್ಟುವವಳಿಗೆ ಅದರಿಂದ ಏನೂ ದಕ್ಕಲಿಲ್ಲ. 2023ರಲ್ಲಿ ರಾಜ್ಯ ಸರಕಾರವು ಗ್ರಾಮ ಪಂಚಾಯಿತಿಗಳಲ್ಲಿ ಮೂರು ವರ್ಷದೊಳಗಿನವರಿಗಾಗಿ 'ಕೂಸಿನ ಮನೆ' ಎಂಬ ಯೋಜನೆಯನ್ನು ಪ್ರಕಟಿಸಿತು. ಹೆಸರು ಎಷ್ಟು ಚೆನ್ನಾಗಿದೆ! ಬೀಡಿಯ ಓಣಿಗಳಿಗೊಂದು ಅಂಥ ಮನೆ ಬರಬೇಕೆಂದು ಕೇಳುವ ಹಕ್ಕು ನಮ್ಮ ಅಕ್ಕಂದಿರಿಗೆ ಖಂಡಿತ ಇದೆ.

ಸದ್ಯ ಅಕ್ಕ ಮಾಡಿಕೊಂಡ ಏರ್ಪಾಡು ಇಷ್ಟು. ತಂಬಾಕಿನ ಮೊರ ಈಗ ನೆಲದ ಮೇಲಿಲ್ಲ. ಮಂಚದ ಮೇಲೆ ಗೋಡೆಗೆ ಹತ್ತಿ ಕೂತು ಕಟ್ಟುತ್ತಾಳೆ. ತಂಬಾಕು ತುಂಬುವ ಕೆಲಸವನ್ನು ಆದಷ್ಟು ಹುಡುಗ ಮಲಗಿದ ಹೊತ್ತಿಗೆ ಇಟ್ಟುಕೊಂಡಿದ್ದಾಳೆ, ಎಲೆ ಕತ್ತರಿಸುವುದನ್ನು ಅವನು ಎಚ್ಚರವಿದ್ದಾಗ. ಕೈತೊಳೆಯದೆ ಅವನನ್ನು ಎತ್ತಿಕೊಳ್ಳುವುದಿಲ್ಲ. ಸಾವಿರಕ್ಕೆ ಇಷ್ಟು ಎಂಬ ಕೂಲಿಯಾದುದರಿಂದ ಮೊದಮೊದಲು ವಾರದ ಲೆಕ್ಕ ಕಡಿಮೆ ಬಂದು ಮನೆಯಲ್ಲಿ ಮಾತು ಬೆಳೆದದ್ದೂ ಉಂಟು. ಗುಂಡ್ಯಾನಿಗೆ ಅವನದೇ ಒಂದು ಸಣ್ಣ ಮೊರ ಕೊಡಿಸಿದ್ದೇವೆ. ಅದರಲ್ಲಿ ಆರು ಬೆಂಡು, ಮೂರು ಬಟ್ಟಲು, ಒಂದು ಅರಿವೆಯ ಚೆಂಡು. ನೀರಾಟ ಬೇಕೆಂದರೆ ಬೋಗುಣಿ ಮತ್ತು ಚೆಂಬು, ಅದೂ ದೊಡ್ಡವರೊಬ್ಬರು ಎದುರಿಗೆ ಕೂತಾಗ ಮಾತ್ರ, ಏಕೆಂದರೆ ಗೇಣು ನೀರೂ ಕೂಸಿಗೆ ಮಡುವೇ. ಸಂಜೆ ನೆರೆಮನೆಯ ಕೂಸು ಬರುತ್ತದೆ. ಇಬ್ಬರೂ ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟವನ್ನು ಆಡುತ್ತಾರೆ, ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಇದು ಜಗಳವಲ್ಲ, ಈ ವಯಸ್ಸಿನವರು ಕೂಡಿ ಆಡುವ ರೀತಿಯೇ ಅದು ಎಂದು ಆಯಿಗೆ ತಿಳಿಸಿ ಹೇಳಲು ನನಗೆ ಎರಡು ಸಂಜೆ ಹಿಡಿಯಿತು.

ಈ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಗುಂಡ್ಯಾ ತಾನೇ ಒಂದು ಎತ್ತು ಮಾಡಿದ. ಕೊಂಬು ಒಂದು, ಕಾಲು ಮೂರು. ನಾಲ್ಕನೆಯ ಕಾಲು ಎಲ್ಲಿ ಎಂದು ಕೇಳಿದೆ. "ಹೊಲಕ್ಕ ಹೋಗೇತಿ" ಎಂದ.