ಸೆರೆಯಾಳುಗಳ ಸಂಕಟವೂ ಲೋಕಾಭಿಪ್ರಾಯವೂ

ರಣರಂಗದಲ್ಲಿ ಮಡಿದವನಿಗಾಗಿ ಜನರು ದುಃಖಿಸುತ್ತಾರೆ. ಆದರೆ ಆಯುಧವನ್ನು ಕೆಳಗಿಟ್ಟು ಶರಣಾದವನನ್ನು ಹಿಂಸಿಸಿದರೆಂಬ ವರ್ತಮಾನ ಬಂದರೆ ದುಃಖದೊಡನೆ ಕ್ರೋಧವೂ ಹುಟ್ಟುತ್ತದೆ. ಈ ಕ್ರೋಧವು ನ್ಯಾಯವಾದುದೇ. ಆದರೆ ಅದು ಯಾರ ಮೇಲೆ ಬೀಳುತ್ತದೆ? ಒಂದು ನಿದರ್ಶನವನ್ನು ತೆಗೆದುಕೊಂಡು ವಿಚಾರಮಾಡೋಣ.

1942ನೆಯ ಇಸವಿ ಏಪ್ರಿಲ್ 9ರಂದು ಫಿಲಿಪ್ಪೈನ್ಸಿನ ಬಟಾನ್ ಎಂಬಲ್ಲಿ ಸುಮಾರು 75,000 ಮಂದಿ ಫಿಲಿಪ್ಪಿನೊ ಮತ್ತು ಅಮೆರಿಕನ್ ಸೈನಿಕರು ಜಪಾನಿನ ಸೇನೆಗೆ ಶರಣಾದರು. ಹಸಿವಿನಿಂದಲೂ ಮಲೇರಿಯಾದಿಂದಲೂ ಕೃಶರಾಗಿದ್ದ ಅವರನ್ನು ಉರಿಬಿಸಿಲಿನಲ್ಲಿ ಸುಮಾರು 65 ಮೈಲಿ ನಡೆಸಿದರು. ನೀರಿಗಾಗಿ ಸಾಲುಬಿಟ್ಟವರನ್ನೂ ನಡೆಯಲಾರದೆ ಕುಸಿದವರನ್ನೂ ಕೊಂದರು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಅವರಲ್ಲಿ ಬಹುಪಾಲು ಫಿಲಿಪ್ಪಿನೊಗಳು.

1943ರಲ್ಲಿ ಸೆರೆಯಿಂದ ತಪ್ಪಿಸಿಕೊಂಡ ವಿಲಿಯಂ ಡೈಯೆಸ್ ಮೊದಲಾದವರು ಈ ವೃತ್ತಾಂತವನ್ನು ತಂದರು. ಅಮೆರಿಕಾ ಸರ್ಕಾರದವರು ಅದನ್ನು ಕೂಡಲೇ ಪ್ರಕಟಿಸಲಿಲ್ಲ. ಉಳಿದ ಸೆರೆಯಾಳುಗಳ ಮೇಲೆ ಶತ್ರುವು ಸೇಡು ತೀರಿಸಿಕೊಂಡಾನು, ಅವರಿಗಾಗಿ ಕಳುಹಿಸಿದ ಆಹಾರ ಔಷಧಗಳು ತಲಪದೆ ಹೋದಾವು ಎಂಬ ಭಯವಿತ್ತು. ಕಡೆಗೆ 1944ನೆಯ ಜನವರಿಯ ಕೊನೆಯಲ್ಲಿ ಸುದ್ದಿ ಹೊರಬಿದ್ದಿತು. ಯುದ್ಧಸಾಲದ ಸಂಗ್ರಹವು ಆಗ ನಡೆಯುತ್ತಿತ್ತು. ಸಾಲಪತ್ರಗಳನ್ನು ಕೊಳ್ಳಿರೆಂಬ ಕರೆಗೆ ಬಟಾನಿನ ಹೆಸರೇ ಬಲವಾಯಿತು.

ಇದೇ ಕಾಲದಲ್ಲಿ ಅಮೆರಿಕೆಯ ಪಶ್ಚಿಮ ತೀರದ 1,10,000ಕ್ಕೂ ಹೆಚ್ಚು ಜಪಾನೀ ವಂಶದ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿಯಾಗಿತ್ತು. ಇವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕೆಯಲ್ಲಿಯೇ ಹುಟ್ಟಿದ ಪ್ರಜೆಗಳು. ಬಟಾನಿನ ಸುದ್ದಿಗೆ ಒಂದು ವಾರ ಮುಂಚೆ, ಇವರ ತರುಣರನ್ನೂ ಕಡ್ಡಾಯ ಸೈನ್ಯಸೇವೆಗೆ ಕರೆಯುವುದಾಗಿ ಸರ್ಕಾರವು ಸಾರಿತ್ತು. ಸುದ್ದಿ ಬಂದ ಮೇಲೆ ಇವರನ್ನು ಮನೆಗೆ ಕಳುಹಿಸುವ ಮಾತನ್ನೆತ್ತುವುದೇ ಕಷ್ಟವಾಯಿತು. ಬಟಾನಿನ ಕಾವಲುಗಾರನ ಹೆಸರನ್ನು ಯಾರೂ ಅರಿಯರು; ಮುಖವನ್ನು ಕಂಡವರಿಲ್ಲ. ಆದುದರಿಂದ ಕಣ್ಣೆದುರಿಗಿರುವವನ ಮುಖವನ್ನೇ ಅವನಿಗೆ ಆರೋಪಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಗ್ಯಾಲಪ್ ಮತಗಣನೆಯಲ್ಲಿ ನೂರಕ್ಕೆ 13 ಮಂದಿ ಜಪಾನೀಯರೆಲ್ಲರನ್ನೂ ನಾಶಮಾಡಬೇಕೆಂದರು.

ಇಲ್ಲಿ ಸುದ್ದಿಯು ಸುಳ್ಳಲ್ಲವೆಂಬುದನ್ನು ನಾವು ಮರೆಯಲಾಗದು. ಸುಳ್ಳು ಪ್ರಚಾರಕ್ಕೆ ಮೋಸಹೋಗದಿರಲು ವಿದ್ಯಾವಂತರು ಕಲಿತಿರಬಹುದು. ದಿಟವಾದ ಸುದ್ದಿಯೂ ಅನ್ಯಾಯಕ್ಕೆ ಎಡೆಗೊಡಬಲ್ಲುದೆಂಬ ಎಚ್ಚರವು ಅಷ್ಟು ಸುಲಭವಾಗಿ ಬರುವುದಿಲ್ಲ. ಬಟಾನಿನ ಸೇನಾಪತಿ ಹೊಮ್ಮಾನನ್ನು ವಿಚಾರಣೆಗೆ ಒಳಪಡಿಸಿ 1946ರಲ್ಲಿ ಮರಣದಂಡನೆ ವಿಧಿಸಿದರು. ಶಿಬಿರಗಳಲ್ಲಿದ್ದವರ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ. ಅವರಿಗೆ ಅಮೆರಿಕಾ ಶಾಸನಪೂರ್ವಕವಾಗಿ ಕ್ಷಮೆ ಕೇಳಿದುದು 1988ರಲ್ಲಿ. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು.

ಇಂಥ ವರ್ತಮಾನವನ್ನು ಓದಿದಾಗ ನಮ್ಮ ರಕ್ತ ಕುದಿಯಲಿ, ತಪ್ಪಿಲ್ಲ. ಆದರೆ ಮಾಡಿದವನು ಯಾರು ಎಂಬ ಪ್ರಶ್ನೆಗೆ ಒಂದು ಜನಾಂಗದ ಹೆಸರು ಉತ್ತರವಾಗಿ ನಾಲಗೆಗೆ ಬಂದಾಗ, ಅಲ್ಲಿ ಒಂದು ಕ್ಷಣ ತಡೆದು ನಿಲ್ಲೋಣ.